ಬಾವಿ ಕೈಬಿಡಬೇಡಿ, ಸ್ವಚ್ಛ ಮಾಡಿಕೊಡಿ: ಪುಣೆ ಮಹಾನಗರ ಪಾಲಿಕೆ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ಸಿಂಹಗಡ ರಸ್ತೆಯ ಧಾಯರಿ, ನಾಂದೇಡ, ಕಿರ್ಕಟ್‌ವಾಡಿ, ನರ್ಹೆ ಸುತ್ತಮುತ್ತ ಬದುಕು ಕಟ್ಟಿಕೊಂಡಿರುವ ಕನ್ನಡಿಗರ ಪರವಾಗಿ ಈ ಪತ್ರ. ಇದರ ಮರಾಠಿ ಪ್ರತಿಯನ್ನು ಕ್ಷೇತ್ರೀಯ ಕಚೇರಿಗೆ ಕೊಟ್ಟು ಸಹಿ-ಶಿಕ್ಕೆ ಹಾಕಿಸಿಕೊಂಡಿದ್ದೇವೆ. ಆದರೂ ಕನ್ನಡದಲ್ಲಿ ಎಲ್ಲರೆದುರು ಬರೆಯುತ್ತಿರುವುದಕ್ಕೆ ಕಾರಣವಿದೆ. ಇಲ್ಲಿನ ಕಟ್ಟಡ ಕಟ್ಟುವವರಲ್ಲಿ, ಮನೆಗೆಲಸ ಮಾಡುವವರಲ್ಲಿ, ರಿಕ್ಷಾ ಓಡಿಸುವವರಲ್ಲಿ ವಿಜಯಪುರ, ಕಲಬುರಗಿ, ಬೆಳಗಾವಿ, ಯಾದಗಿರಿ ಕಡೆಯವರು ಬಹಳ. ಪಾಲಿಕೆಯ ಸೂಚನೆಗಳು ಮರಾಠಿಯಲ್ಲಿ ಬರುತ್ತವೆ, ಎಷ್ಟೋ ಜನರಿಗೆ ತಲುಪುವುದೇ ಇಲ್ಲ. ಈ ಮಾತು ನಿಮಗೂ ಮುಟ್ಟಬೇಕು, ಅವರಿಗೂ ಮುಟ್ಟಬೇಕು.

ನಮ್ಮ ಬೇಡಿಕೆ ಮೊದಲೇ ಹೇಳಿಬಿಡುತ್ತೇನೆ. ಬಾವಿಯ ನೀರೋ ಬೋರಿನ ನೀರೋ ಕೆಟ್ಟಿದೆ ಎಂದು ಗೊತ್ತಾದ ದಿನ ಅದನ್ನು ಕುಡಿಯುವುದಕ್ಕೆ ಬಿಡಬಾರದು ನಿಜ, ಅದು ಸರಿಯಾದ ಕ್ರಮವೇ. ಆದರೆ ಅಲ್ಲಿಗೆ ಬೀಗ ಹಾಕಿ, ಟ್ಯಾಂಕರ್ ಕಳಿಸಿ, ಕಡತ ಮುಚ್ಚುವ ಪದ್ಧತಿ ನಿಲ್ಲಬೇಕು. ಕೆಟ್ಟ ನೀರು ಏಕೆ ಕೆಟ್ಟಿತು ಎಂದು ಹುಡುಕಿ, ಆ ಮೂಲ ಬಂದ್ ಮಾಡಿ, ಬಾವಿಯನ್ನು ಮತ್ತೆ ಕುಡಿಯುವ ಹಾಗೆ ಮಾಡಿ ಕೊಡುವವರೆಗೂ ಕೆಲಸ ಮುಗಿದಿಲ್ಲ ಎಂದು ಪಾಲಿಕೆ ಒಪ್ಪಿಕೊಳ್ಳಬೇಕು. ಯಾಕೆಂದರೆ ಟ್ಯಾಂಕರ್‌ನಲ್ಲಿ ಬರುವ ನೀರಿಗೂ ಬೇರೆ ಭೂಮಿ ಇಲ್ಲ.

2025ರ ಜನವರಿಯಲ್ಲಿ ಆದದ್ದನ್ನು ಈ ಭಾಗದವರು ಯಾರೂ ಮರೆತಿಲ್ಲ. ಒಬ್ಬರಿಗೆ ಕಾಲು ಜೋಮು ಹಿಡಿಯಿತು, ಮತ್ತೊಬ್ಬರಿಗೆ ಮೆಟ್ಟಿಲು ಹತ್ತಲಾಗಲಿಲ್ಲ, ಇನ್ನೊಬ್ಬರಿಗೆ ತುತ್ತು ನುಂಗಲಾಗದೆ ಉಸಿರಾಟದ ಯಂತ್ರವೇ ಬೇಕಾಯಿತು. ಗೀಯನ್-ಬಾರೇ ಸಿಂಡ್ರೋಮ್ ಎಂಬ ಹೆಸರು ಅಲ್ಲಿಯವರೆಗೆ ನಮ್ಮಲ್ಲಿ ಹೆಚ್ಚಿನವರು ಕೇಳಿಯೇ ಇರಲಿಲ್ಲ. ರೋಗಾಣುವನ್ನು ಎದುರಿಸಬೇಕಾದ ದೇಹದ ರಕ್ಷಣಾ ಶಕ್ತಿ ದಾರಿತಪ್ಪಿ ತನ್ನದೇ ನರಗಳ ಮೇಲೆ ತಿರುಗಿಬೀಳುವ ಕಾಯಿಲೆ ಅದು. ಭೇದಿ-ವಾಂತಿ ಆಗಿ ವಾರ, ಎರಡು ವಾರ ಕಳೆದ ಮೇಲೆ ಪಾದದಿಂದ ಶುರುವಾಗಿ ಮೇಲಕ್ಕೆ ಏರುತ್ತದೆ. ಪುಣೆಯಲ್ಲೇ ಇರುವ ರಾಷ್ಟ್ರೀಯ ವೈರಾಣು ಸಂಸ್ಥೆ ರೋಗಿಗಳ ಮಲದ ಮಾದರಿಗಳಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾವನ್ನೂ, ಕೆಲವರಲ್ಲಿ ನೊರೊವೈರಸನ್ನೂ ಕಂಡಿತು. ಎರಡೂ ಮಲದ ಮೂಲಕ ನೀರು, ಆಹಾರ ಸೇರಿ ಬಾಯಿಗೆ ಬರುವಂಥವು. ಇನ್ನೂರರ ಆಸುಪಾಸು ಜನ ಆಸ್ಪತ್ರೆ ಸೇರಿದರು, ಕೆಲವರು ತೀರಿಕೊಂಡರು. ಬದುಕಿ ಬಂದವರು ತಿಂಗಳುಗಟ್ಟಲೆ ನಡೆಯುವುದನ್ನೇ ಮತ್ತೆ ಕಲಿಯಬೇಕಾಯಿತು. ಈ ಕಾಯಿಲೆಯ ಚಿಕಿತ್ಸೆಗೆ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಇಂಜೆಕ್ಷನ್ ಒಂದಕ್ಕೇ ಸಾವಿರಾರು ರೂಪಾಯಿ, ಒಬ್ಬ ರೋಗಿಗೆ ಹಲವು ಬೇಕು. ದಿನಗೂಲಿಯ ಮನೆಯಲ್ಲಿ ಅದು ಏನು ಮಾಡಿರಬಹುದು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ರೋಗಿಗಳಲ್ಲಿ ಹೆಚ್ಚಿನವರು ನಾಂದೇಡ ಗ್ರಾಮದ ದೊಡ್ಡ ಬಾವಿಯ ನೀರು ಹೋಗುವ ಪ್ರದೇಶದವರು ಎಂಬುದು ಆಗಲೇ ಹೊರಬಂತು. ಖಡಕವಾಸ್ಲಾ ಅಣೆಕಟ್ಟಿನ ಹತ್ತಿರದ ಆ ಬಾವಿಯಿಂದ ಹಳ್ಳಿಗಳಿಗೆ ನೀರು ಹೋಗುತ್ತಿದ್ದದ್ದು ಸೋಸುವ ಘಟಕ ಇಲ್ಲದೆ, ಬರೀ ಕ್ಲೋರಿನ್ ಹಾಕಿ. ಕೋಳಿ ಸಾಕಣೆಯ ಮಾತೂ ಬಂತು. ಕ್ಯಾಂಪಿಲೊಬ್ಯಾಕ್ಟರ್ ಕೋಳಿಯ ಕರುಳಲ್ಲಿ ಇರುವುದು ನಿಜವಾದ್ದರಿಂದ ಆ ತನಿಖೆಯೂ ಬೇಕಿತ್ತು. ಆದರೆ ಕೋಳಿಯದಿರಲಿ, ಮನುಷ್ಯರದಿರಲಿ, ಹೊಲಸು ನೀರಿಗೆ ಇಳಿಯಲು ದಾರಿ ಇದ್ದದ್ದರಿಂದಲೇ ಇಳಿಯಿತು. ಆ ದಾರಿಯ ಬಗ್ಗೆಯೇ ನಮ್ಮ ಪ್ರಶ್ನೆ.

2017ರಲ್ಲಿ 11 ಹಳ್ಳಿ, 2021ರಲ್ಲಿ 23 ಹಳ್ಳಿ ಪಾಲಿಕೆಗೆ ಸೇರಿದವು. ವಿಸ್ತೀರ್ಣದಲ್ಲಿ ಪುಣೆ ಮುಂಬೈಯನ್ನೂ ಮೀರಿಸಿತು. ತೆರಿಗೆಯ ಬಿಲ್ಲು ಬಂತು, ಹನ್ನೆರಡು ಮಹಡಿಯ ಕಟ್ಟಡಗಳಿಗೆ ಪರವಾನಗಿ ಬಂತು, ಒಳಚರಂಡಿ ಮಾತ್ರ ಹಿಂದೆ ಉಳಿಯಿತು. ಮೊದಲು ನಾಲ್ಕು ಮನೆ, ಎರಡು ದನದ ಕೊಟ್ಟಿಗೆ ಇದ್ದ ಜಾಗದಲ್ಲಿ ಈಗ ನೂರಾರು ಕುಟುಂಬಗಳ ಶೌಚದ ನೀರು ಸೆಪ್ಟಿಕ್ ಟ್ಯಾಂಕಿಗೆ, ಅದು ತುಂಬಿದರೆ ನಾಲೆಗೆ, ನಾಲೆಯಿಂದ ನೆಲಕ್ಕೆ. ಅದೇ ನೆಲದಲ್ಲಿ ಐವತ್ತು ಹೆಜ್ಜೆ ಆಚೆ ಬೋರು.

ನಮ್ಮ ಊರಿನವರಿಗೆ ಈ ನೆಲದ ಗುಣ ಹೊಸದಲ್ಲ. ವಿಜಯಪುರ, ಬೆಳಗಾವಿ, ಕಲಬುರಗಿಯ ಕೆಳಗೆ ಇರುವ ಅದೇ ಕರಿಕಲ್ಲು ಪುಣೆಯ ಕೆಳಗೂ ಇದೆ. ಜ್ವಾಲಾಮುಖಿಯ ಲಾವಾ ಪದರ ಪದರವಾಗಿ ಹರಿದು ಗಟ್ಟಿಯಾದ ದಖನ್ನಿನ ಬಸಾಲ್ಟ್ ಅದು. ಗಟ್ಟಿ ಕಲ್ಲಿನಲ್ಲಿ ನೀರು ನಿಲ್ಲುವುದಿಲ್ಲ. ಮೇಲಿನ ಸವೆದ ಗರಸಿನ ಪದರದಲ್ಲಿ, ಕಲ್ಲಿನ ಬಿರುಕುಗಳಲ್ಲಿ, ಎರಡು ಪದರಗಳ ನಡುವಿನ ಸಂದಿಯಲ್ಲಿ ಇರುತ್ತದೆ. ಬಾವಿ ತೋಡಿದವರು 'ಸೆಲೆ ಹತ್ತಿತು' ಎನ್ನುವುದು ಈ ಬಿರುಕು ಸಿಕ್ಕಾಗಲೇ. ಮರಳಿನ ನೆಲವಾದರೆ ನೀರು ನಿಧಾನವಾಗಿ ಇಂಗುತ್ತ ಅಷ್ಟಿಷ್ಟು ಸೋಸಿಕೊಳ್ಳುತ್ತದೆ. ಬಿರುಕಿನಲ್ಲಿ ಸೋಸುವುದಕ್ಕೆ ಏನೂ ಇಲ್ಲ. ಮೇಲೆ ಸುರಿದದ್ದು ಬೇಗನೆ, ಹಾಗೇ ಕೆಳಗೆ ಸಿಗುತ್ತದೆ. ಬಾವಿಯಿಂದ ಶೌಚದ ಗುಂಡಿ 15 ಮೀಟರ್ ದೂರ ಇದ್ದರೆ ಸಾಕು ಎಂಬ ಹಳೆಯ ಲೆಕ್ಕ ಬಿರುಕುಗಲ್ಲಿಗೆ ಒಪ್ಪುವುದಿಲ್ಲ. ಸೆಲೆ ಯಾವ ದಿಕ್ಕಿನಿಂದ ಬರುತ್ತದೆ ಎಂದು ನೋಡದೆ ಬರೀ ಟೇಪು ಹಿಡಿದು ಅಳೆದರೆ ಆ ದೂರ ಯಾರನ್ನೂ ಕಾಯುವುದಿಲ್ಲ. ಈ ವಿದ್ಯೆ ಬಲ್ಲವರಿಗೆ ಈ ಊರಿನಲ್ಲಿ ಕೊರತೆಯೂ ಇಲ್ಲ. ರಾಜ್ಯದ ಭೂಜಲ ಸರ್ವೇಕ್ಷಣ ಮತ್ತು ವಿಕಾಸ ಯಂತ್ರಣೆಯ ಮುಖ್ಯ ಕಚೇರಿ ಪುಣೆಯಲ್ಲೇ ಇದೆ. ಅಕ್ವಾಡಮ್‌ನಂಥ ಸಂಸ್ಥೆ ಇಲ್ಲೇ ಕೂತು ದಖನ್ನಿನ ಅಂತರ್ಜಲವನ್ನು ವರ್ಷಗಳಿಂದ ಅಭ್ಯಾಸ ಮಾಡುತ್ತಿದೆ. ಅವರ ನಕ್ಷೆಯೂ ನಿಮ್ಮ ಡ್ರೇನೇಜ್ ವಿಭಾಗದ ನಕ್ಷೆಯೂ ಒಂದೇ ಮೇಜಿನ ಮೇಲೆ ಬರಬೇಕು.

ಈಗ ಟ್ಯಾಂಕರ್ ವಿಷಯ. ನಮ್ಮ ಸೊಸೈಟಿಯ ನೀರಿನ ಉಸ್ತುವಾರಿ ನನ್ನದು. ಸಂಪಿನ ಮುಚ್ಚಳ ತೆಗೆಸುವುದು, ಟ್ಯಾಂಕರ್ ಚೀಟಿಗೆ ಸಹಿ ಹಾಕುವುದು, ತಿಂಗಳ ಕೊನೆಗೆ ಲೆಕ್ಕ ಕೂಡಿಸುವುದು. ಜನವರಿಯ ಆ ಗದ್ದಲದ ನಂತರ ನಾವು ಒಂದು ಓಟಿ ಕಿಟ್ ತಂದಿಟ್ಟುಕೊಂಡೆವು. ಸಣ್ಣ ಗಾಜಿನ ನಳಿಕೆಯಲ್ಲಿ ನೀರು ಹಿಡಿದು ಒಂದೆರಡು ಹನಿ ಔಷಧಿ ಬಿಟ್ಟರೆ, ನೀರಿನಲ್ಲಿ ಕ್ಲೋರಿನ್ ಉಳಿದಿದ್ದರೆ ಹಳದಿ ಬಣ್ಣ ಬರುತ್ತದೆ. ಪಕ್ಕದಲ್ಲಿರುವ ಬಣ್ಣದ ಪಟ್ಟಿಗೆ ಹೋಲಿಸಿ ಎಷ್ಟಿದೆ ಎಂದು ಓದಬಹುದು. ಕುಡಿಯುವ ನೀರಿಗೆ ದೇಶದಲ್ಲಿ ಇರುವ ಮಾನದಂಡದ ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಟ್ಯಾಂಕರ್‌ನ ಪೈಪು ಸಂಪಿಗೆ ಬಿಡುವ ಮುಂಚೆ ಒಂದು ಮಗ್ ನೀರು ಹಿಡಿದು ಹನಿ ಬಿಟ್ಟೆ. ನಳಿಕೆ ಬೆಳ್ಳಗೇ ಇತ್ತು. ಮತ್ತೊಂದು ಹನಿ ಬಿಟ್ಟೆ, ಬಣ್ಣವೇ ಇಲ್ಲ. ಡ್ರೈವರ್‌ನನ್ನು ಎಲ್ಲಿಂದ ತುಂಬಿಕೊಂಡು ಬಂದೆಯಪ್ಪಾ ಎಂದು ಕೇಳಿದರೆ, "ಬೋರ್‌ಚಂ ಪಾಣಿ ಆಹೆ ತಾಯಿ, ಇಥಲಂಚ್" ಎಂದ. ಇಲ್ಲಿಯದೇ ಬೋರಿನ ನೀರು. ಅವನ ಮುಖದಲ್ಲಿ ಮೋಸದ ಸುಳಿವೇ ಇರಲಿಲ್ಲ, ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದ. ಟ್ಯಾಂಕರ್ ವಾಪಸ್ ಕಳಿಸಿದೆವು. ಮಧ್ಯಾಹ್ನದ ಹೊತ್ತಿಗೆ ಮೇಲಿನ ಟಾಕಿ ಖಾಲಿಯಾಗಿ, ಇನ್ನೊಂದು ಟ್ಯಾಂಕರ್ ಕರೆಯಬೇಕಾಯಿತು. ಅದರ ನೀರೂ ಎಲ್ಲಿಯದು ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ನಾವೇ ಬ್ಲೀಚಿಂಗ್ ಪೌಡರ್ ಕಲಸಿ ಹಾಕಿದೆವು.

ಹೀಗಾಗಿ ಹೇಳುತ್ತಿದ್ದೇನೆ. ನಾಂದೇಡದ ಬಾವಿಯ ನೀರು ಬೇಡವೆಂದು ಟ್ಯಾಂಕರ್ ಕರೆದರೆ ಅದು ಧಾಯರಿಯ ಬೋರಿನಿಂದ ಬರುತ್ತದೆ. ಧಾಯರಿಯದು ಕೆಟ್ಟರೆ ನರ್ಹೆಯಿಂದ. ಕಲ್ಲು ಒಂದೇ, ಬಿರುಕು ಒಂದಕ್ಕೊಂದು ಸೇರಿದ್ದು, ಮೇಲಿನ ಸೆಪ್ಟಿಕ್ ಟ್ಯಾಂಕುಗಳೂ ಅವೇ. ಕ್ಯಾನು, ಜಾರು ಮಾರುವವರ ಮೇಲೆ ಕಣ್ಣಿಟ್ಟು, ನೀರು ಕೆಟ್ಟಿದ್ದ ಆರ್‌ಒ ಘಟಕಗಳನ್ನು ಪಾಲಿಕೆ ಆಗ ಮುಚ್ಚಿಸಿತು. ಒಳ್ಳೆಯ ಕೆಲಸವೇ. ಆದರೆ ಇಪ್ಪತ್ತು ರೂಪಾಯಿಯ ಜಾರಿಗೂ ನೀರು ಬರುವುದು ನೆಲದಿಂದಲೇ.

ಬ್ಲೀಚಿಂಗ್ ಪೌಡರ್ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅದರ ಮೇಲೆ ಪಾಲಿಕೆಗೂ ನಮಗೂ ಅತಿಯಾದ ನಂಬಿಕೆ ಬಂದುಬಿಟ್ಟಿದೆ. ಕ್ಲೋರಿನ್ ಸಾಮಾನ್ಯ ಆಯುಧವಲ್ಲ, ಕೋಟ್ಯಂತರ ಜೀವ ಉಳಿಸಿದೆ. ಆದರೆ ಕೊಳಚೆ ಬೆರೆತ ನೀರಿನಲ್ಲಿ ಅದು ರೋಗಾಣುವನ್ನು ಮುಟ್ಟುವ ಮೊದಲೇ ಅಮೋನಿಯ, ಕೊಳೆತ ಪದಾರ್ಥದ ಜೊತೆ ಕಾದಾಡಿ ತೀರಿಹೋಗುತ್ತದೆ. ನೀರು ಕದಡಿದ್ದರೆ ಮಣ್ಣಿನ ಕಣದ ಮರೆಯಲ್ಲಿ ರೋಗಾಣು ಉಳಿದುಕೊಳ್ಳುತ್ತದೆ. ಹಾಕಿದ ಮೇಲೆ ಅರ್ಧ ಗಂಟೆಯಾದರೂ ಸಮಯ ಬೇಕು. ಬಾಯಿ ಬಿಚ್ಚಿಟ್ಟ ಚೀಲದ ಪುಡಿ ಮಳೆಗಾಲದ ತೇವಕ್ಕೆ ಸತ್ವ ಕಳೆದುಕೊಳ್ಳುತ್ತದೆ. ಹಾಗಾಗಿ ನೀರನ್ನು ಮೊದಲು ಸೋಸಬೇಕು, ಆಮೇಲೆ ಕ್ಲೋರಿನ್. ಸೋಸುವ ಘಟಕವಿಲ್ಲದೆ ಹಳ್ಳಿಗಳಿಗೆ ಬಾವಿಯ ನೀರು ಕೊಡುವುದು ಇನ್ನು ಮುಂದೆ ಎಲ್ಲಿಯೂ ಆಗಕೂಡದು.

ಕ್ಲೋರಿನ್‌ಗೂ ಕುದಿಸುವುದಕ್ಕೂ ಬಗ್ಗದ ಇನ್ನೊಂದು ಕೊಳೆ ಇದೆ. ಅದು ನೈಟ್ರೇಟ್. ಶೌಚದ ನೀರು ವರ್ಷಗಟ್ಟಲೆ ನೆಲಕ್ಕೆ ಇಂಗಿದ ಕಡೆ ಅದು ಏರುತ್ತ ಹೋಗುತ್ತದೆ. ಲೀಟರಿಗೆ 45 ಮಿಲಿಗ್ರಾಂ ಮೀರಬಾರದು, ಅದಕ್ಕೆ ಸಡಿಲಿಕೆ ಇಲ್ಲವೇ ಇಲ್ಲ. ಆ ನೀರಿನಲ್ಲಿ ಕಲಸಿದ ಬಾಟಲಿ ಹಾಲು ಕುಡಿಯುವ ಹಸುಗೂಸಿನ ರಕ್ತದಲ್ಲಿ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಅದು ಕುಗ್ಗಿಸಬಲ್ಲದು. ಕುದಿಸಿದರೆ ನೀರು ಆವಿಯಾಗಿ ನೈಟ್ರೇಟ್ ಇನ್ನಷ್ಟು ದಟ್ಟವಾಗುತ್ತದೆ. ಮನೆಯಲ್ಲಿ ಆರ್‌ಒ ಇದ್ದವರು ಪಾರಾಗಬಹುದು. ಇಲ್ಲದವರು?

ಇಲ್ಲದವರ ಮನೆಗೆ ಹೋಗೋಣ. ನಮ್ಮ ಸೊಸೈಟಿಯ ಹಿಂದೆ ಕಟ್ಟಡವೊಂದು ಏಳುತ್ತಿದೆ. ಅದರ ಬದಿಗೆ ತಗಡಿನ ಶೆಡ್ಡುಗಳು. ಸಿಂದಗಿ, ಇಂಡಿ, ಜೇವರ್ಗಿ ಕಡೆಯ ಕುಟುಂಬಗಳು ಅಲ್ಲಿವೆ. ಸಿಮೆಂಟು ಕಲಸಲು ಹಾಕಿದ ಬೋರಿನ ನೀರೇ ಒಂದು ನೀಲಿ ಬ್ಯಾರಲ್ಲಿಗೆ ಬಿದ್ದು ಕುಡಿಯುವ ನೀರಾಗುತ್ತದೆ. ಬ್ಯಾರಲ್ಲಿನ ಅಂಚಿಗೆ ತಂತಿಯಿಂದ ಒಂದು ಸ್ಟೀಲ್ ಲೋಟ ಕಟ್ಟಿದ್ದಾರೆ, ಮಕ್ಕಳು ಆಡುತ್ತ ಬಂದು ಮೊಣಕೈವರೆಗೆ ಅದ್ದಿ ಮೊಗೆದು ಕುಡಿಯುತ್ತಾರೆ. ಶೆಡ್ಡಿನ ಹಿಂದೆ ನಾಲ್ಕು ಮಾರು ಆಚೆ ಪರದೆ ಕಟ್ಟಿದ ಗುಂಡಿಯೇ ಶೌಚಾಲಯ. ನೀರು ಕುದಿಸಿ ಕುಡಿಯಿರಿ ಎಂದು ಹೇಳಲು ಹೋದಾಗ ಒಬ್ಬ ತಾಯಿ ತಾಮ್ರದ ಚರಿಗೆಯಲ್ಲಿ ನೀರು ತಂದು ನನ್ನ ಕಣ್ಣ ಮುಂದೆ ಹಿಡಿದಳು. "ನೋಡ್ರಿ ಅಕ್ಕಾ, ಎಷ್ಟು ತಿಳಿ ಅದ. ವಾಸನಿ ಇಲ್ಲ, ರುಚಿನೂ ಛಲೋ ಅದ. ಇದಕ್ಕೇನಾಗ್ಯದ? ಮತ್ತ ಕುದಸಾಕ ಗ್ಯಾಸ್ ಯಾರು ಕೊಡ್ತಾರ?" ಅವಳ ಎರಡು ಪ್ರಶ್ನೆಯಲ್ಲಿ ಮೊದಲನೆಯದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಎರಡನೆಯದು ನಿಮಗೆ ಕೇಳಬೇಕಾದದ್ದು. ಊರು ಕಟ್ಟಲು ಬಂದವರಿಗೆ ಕುಡಿಯುವ ನೀರು ಕೊಡುವುದು ಬಿಲ್ಡರ್‌ನ ಕರ್ತವ್ಯ, ಅದನ್ನು ನೋಡಿಕೊಳ್ಳುವುದು ಪರವಾನಗಿ ಕೊಟ್ಟವರ ಕರ್ತವ್ಯ. ಕಟ್ಟಡದ ಬುನಾದಿ ನೋಡಲು ಬರುವ ಎಂಜಿನಿಯರ್ ಆ ಬ್ಯಾರಲ್ಲನ್ನೂ ನೋಡಿ ಹೋಗಲಿ.

ಅಂತರ್ಜಲ ಕೆಟ್ಟರೆ ಏನಾಗುತ್ತದೆಂದು ತಿಳಿಯಲು ಪುಣೆಯವರು ದೂರ ಹೋಗಬೇಕಾಗಿಲ್ಲ. ಉರುಳಿ ದೇವಾಚಿ, ಫುರಸುಂಗಿಗೆ ಹೋದರೆ ಸಾಕು. ದಶಕಗಟ್ಟಲೆ ಈ ನಗರದ ಕಸವೆಲ್ಲ ಅಲ್ಲಿನ ಕಸದ ಡಿಪೋಗೆ ಹೋಯಿತು. ಮಳೆಗೆ ನೆನೆದ ಕಸದಿಂದ ಜಿನುಗಿದ ಕಪ್ಪು ರಸ ನೆಲಕ್ಕಿಳಿದು ಸುತ್ತಲಿನ ಬಾವಿಗಳನ್ನು ಕೆಡಿಸಿತು. ಜನ ಕಸದ ಲಾರಿಗಳನ್ನು ತಡೆದರು, ನ್ಯಾಯಮಂಡಳಿಯವರೆಗೂ ಹೋದರು. ಕಸದ ಗುಡ್ಡಕ್ಕೆ ಮಣ್ಣು ಹೊದಿಸುವ, ಅಗೆದು ಬೇರ್ಪಡಿಸುವ ಕೆಲಸಗಳು ನಡೆದವು. ಬಾವಿಗಳ ಪಾಲಿಗೆ ಬಂದದ್ದು ಮತ್ತೆ ಟ್ಯಾಂಕರ್. ನೆಲದ ಮೇಲಿನ ಕಸ ಕಣ್ಣಿಗೆ ಕಾಣುತ್ತದೆ, ಫೋಟೋ ತೆಗೆಯಬಹುದು, ತೆಗೆದ ಟನ್ನಿನ ಲೆಕ್ಕ ಕೊಡಬಹುದು. ಕೆಳಗಿನ ನೀರಿಗೆ ಆ ಭಾಗ್ಯ ಇಲ್ಲ. ಮುಳಾ-ಮುಠಾ ನದಿಗೆ ಜಪಾನಿನ ಜೈಕಾ ನೆರವಿನ ಯೋಜನೆ ಇದೆ, ಹನ್ನೊಂದು ಶುದ್ಧೀಕರಣ ಘಟಕಗಳ ಗುರಿ ಇದೆ, ನದಿ ತೀರದ ಸೌಂದರ್ಯಕ್ಕೂ ಹಣವಿದೆ. ಇವೆಲ್ಲ ಬೇಕಾದವೇ. ನದಿಗಿಂತ ಹೆಚ್ಚು ಮನೆಗಳ ನಲ್ಲಿಗೆ ಹತ್ತಿರ ಇರುವ ಬೋರಿನ ನೀರಿಗೆ ಮಾತ್ರ ಅದರದೇ ಹೆಸರಿನ ಯೋಜನೆ ಬೇಕು.

ಭೋಪಾಲ್ ನೋಡಿ. 1984ರ ಅನಿಲ ದುರಂತ ಎಲ್ಲರಿಗೂ ಗೊತ್ತು. ಅನಿಲ ಸೋರಿದ ಆ ಕಾರ್ಖಾನೆಯ ಸುತ್ತಲಿನ ಬಡಾವಣೆಗಳ ಅಂತರ್ಜಲ ರಾಸಾಯನಿಕಗಳಿಂದ ಕೆಟ್ಟಿದ್ದು ಅಷ್ಟು ಜನರಿಗೆ ಗೊತ್ತಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟು ಅಲ್ಲಿನ ಜನರಿಗೆ ಶುದ್ಧ ನೀರು ಒದಗಿಸಿ ಎಂದು ಆದೇಶಿಸಬೇಕಾಯಿತು. ನಮ್ಮ ಸಿಂಹಗಡ ರಸ್ತೆಯಲ್ಲಿ ಕಾಯಿಲೆ ಶುರುವಾದ ಅದೇ 2025ರ ಜನವರಿಯಲ್ಲಿ, ಆ ಕಾರ್ಖಾನೆಯ ಆವರಣದಲ್ಲಿ ಉಳಿದಿದ್ದ 337 ಟನ್ ವಿಷದ ತ್ಯಾಜ್ಯ ಕಂಟೇನರುಗಳಲ್ಲಿ ಪೀಥಂಪುರಕ್ಕೆ ಹೊರಟಿತು. ದುರಂತ ನಡೆದು ನಲವತ್ತು ವರ್ಷವಾಗಿತ್ತು. ಮೇಲಿನದ್ದನ್ನು ಎತ್ತಿ ಸಾಗಿಸಿದರು, ನೆಲದೊಳಕ್ಕೆ ಇಳಿದದ್ದನ್ನು ಕಂಟೇನರಿಗೆ ತುಂಬಲಾಗುವುದಿಲ್ಲ.

ಹಾಗಾದರೆ ಅಂತರ್ಜಲವನ್ನು ಶುದ್ಧ ಮಾಡಲು ಆಗುವುದೇ ಇಲ್ಲವೇ? ಆಗುತ್ತದೆ, ಹಣ ಮತ್ತು ಹಟ ಎರಡೂ ಬೇಕು. ಅಮೆರಿಕದ ಲಾಸ್ ಏಂಜಲೀಸ್ ನಗರದ ಸ್ಯಾನ್ ಫರ್ನಾಂಡೊ ಕಣಿವೆಯ ಬಾವಿಗಳು ಆ ನಗರದ ಕುಡಿಯುವ ನೀರಿನ ಒಂದು ಮುಖ್ಯ ಮೂಲ. ಎರಡನೇ ಮಹಾಯುದ್ಧದ ಕಾಲದಿಂದ ಅಲ್ಲಿ ವಿಮಾನ ತಯಾರಿಸುವ ಕಾರ್ಖಾನೆಗಳು, ಲೋಹದ ಬಿಡಿಭಾಗ ತೊಳೆಯುವ ದ್ರಾವಕಗಳು. 1980ರ ಹೊತ್ತಿಗೆ ಬಾವಿಗಳಲ್ಲಿ ಟ್ರೈಕ್ಲೋರೊಎಥಿಲೀನ್, ಪರ್‌ಕ್ಲೋರೊಎಥಿಲೀನ್ ಎಂಬ ಆ ದ್ರಾವಕಗಳು ಸಿಕ್ಕವು. 1986ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಆ ಪ್ರದೇಶವನ್ನು ತುರ್ತಾಗಿ ಶುದ್ಧ ಮಾಡಬೇಕಾದ ಜಾಗಗಳ ಪಟ್ಟಿಗೆ ಸೇರಿಸಿತು. 1989ರಲ್ಲಿ ನಾರ್ತ್ ಹಾಲಿವುಡ್‌ನಲ್ಲಿ ಶುದ್ಧೀಕರಣ ಘಟಕ ಶುರುವಾಯಿತು. ಕೆಟ್ಟ ನೀರನ್ನು ಮೇಲೆತ್ತಿ, ಎತ್ತರದ ಗೋಪುರದಲ್ಲಿ ಮೇಲಿಂದ ನೀರು ಸುರಿಸಿ ಕೆಳಗಿಂದ ಗಾಳಿ ಹಾಯಿಸಿದರೆ ಆ ದ್ರಾವಕ ಗಾಳಿಗೆ ಹಾರುತ್ತದೆ, ಆ ಗಾಳಿಯನ್ನು ಇದ್ದಿಲಿನ ಮೂಲಕ ಹಾಯಿಸಿ ಹಿಡಿಯುತ್ತಾರೆ. ಬರ್ಬ್ಯಾಂಕ್‌ನಲ್ಲಿ ವಿಮಾನ ತಯಾರಿಸಿದ ಕಂಪನಿಯೇ ಶುದ್ಧ ಮಾಡುವ ಖರ್ಚಿಗೆ ಹೆಗಲು ಕೊಡಬೇಕಾಯಿತು. ನಲವತ್ತು ವರ್ಷ ಕಳೆದರೂ ಕೆಲಸ ಮುಗಿದಿಲ್ಲ, ದೊಡ್ಡ ಘಟಕಗಳನ್ನು ಕಟ್ಟುತ್ತಲೇ ಇದ್ದಾರೆ. ಆದರೆ ಅವರು ಬಾವಿಗಳನ್ನು ಬಿಟ್ಟುಕೊಡಲಿಲ್ಲ. ದೂರದ ಪರ್ವತಗಳಿಂದ ಕಾಲುವೆಯಲ್ಲಿ ನೀರು ತರುವ ನಗರ ಅದು, ಬಿಟ್ಟುಬಿಡುವುದು ಸುಲಭವಿತ್ತು. ಬರ ಬಂದಾಗ ಕೈಗೆ ಸಿಗುವುದು ಕಾಲ ಕೆಳಗಿನ ನೀರೇ ಎಂದು ಅವರಿಗೆ ತಿಳಿದಿತ್ತು.

ಪುಣೆಗೂ ಇದು ತಿಳಿದಿರಬೇಕು. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು, ಆ ಪ್ರವಾಹಕ್ಕೆ ಖಡಕವಾಸ್ಲಾ ಕೂಡ ಒಡೆಯಿತು. ನಗರಕ್ಕೆ ನೀರು ಕೊಡುತ್ತಿದ್ದ ಕೆರೆಯೇ ಒಂದು ದಿನದಲ್ಲಿ ಇಲ್ಲವಾಯಿತು. ಹೆಚ್ಚಾಗಿ ಅಣೆಕಟ್ಟುಗಳನ್ನೇ ನಂಬಿ ಕೂತಿರುವ ಊರಿಗೆ ಬಾವಿಗಳು ಆಪತ್ಕಾಲದ ಗಂಟು.

ಕೆಟ್ಟ ಬಾವಿ ಮತ್ತೆ ಬದುಕುವುದನ್ನು ನಮ್ಮ ವಿಜಯಪುರದವರು ಕಣ್ಣಾರೆ ಕಂಡಿದ್ದಾರೆ. 1620ರಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ ಕಾಲದಲ್ಲಿ ಕಟ್ಟಿದ ತಾಜ್ ಬಾವಡಿ ಕಸ, ಪ್ಲಾಸ್ಟಿಕ್, ಮುಳುಗಿಸಿದ ಗಣಪತಿ ಮೂರ್ತಿಗಳಿಂದ ತುಂಬಿ ಹೋಗಿತ್ತು. ಕೆಲವು ವರ್ಷಗಳ ಹಿಂದೆ ಹೂಳೆತ್ತಿ ಸ್ವಚ್ಛ ಮಾಡಿದಾಗ ತಳದ ಸೆಲೆಗಳು ತೆರೆದುಕೊಂಡು ಮತ್ತೆ ನೀರು ನಿಂತಿತು. ಅದು ಅಷ್ಟು ದೊಡ್ಡ ಬಾವಿ, ನಮ್ಮ ಧಾಯರಿಯ ಬಾವಿಗಳು ಅದರ ಒಂದು ಮೂಲೆಗೂ ಸಮವಿಲ್ಲ. ಮಾಡಲು ಮನಸ್ಸಿದ್ದರೆ ಇವು ಒಂದು ಬೇಸಿಗೆಯ ಕೆಲಸ.

ಯಾಕೆಂದರೆ ನಮ್ಮ ಅದೃಷ್ಟಕ್ಕೆ ಇಲ್ಲಿ ಸದ್ಯ ಕಾಡುತ್ತಿರುವುದು ಹೆಚ್ಚಾಗಿ ಕೊಳಚೆ. ಲಾಸ್ ಏಂಜಲೀಸ್‌ನಂಥ ದ್ರಾವಕ ಕಲ್ಲಿನ ಸಂದಿಯಲ್ಲಿ ದಶಕಗಟ್ಟಲೆ ಕೂತಿರುತ್ತದೆ. ಮಲದ ರೋಗಾಣು ಹಾಗಲ್ಲ, ಹೊಸದಾಗಿ ಬರುವುದು ನಿಂತರೆ ಇದ್ದದ್ದು ಸಾಯುತ್ತದೆ. ಸುತ್ತಲಿನ ಸೆಪ್ಟಿಕ್ ಟ್ಯಾಂಕುಗಳನ್ನು ಒಳಚರಂಡಿಗೆ ಜೋಡಿಸಿ. ಬೇಸಿಗೆಯಲ್ಲಿ ಪಂಪು ಹಚ್ಚಿ ಬಾವಿಯ ನೀರೆಲ್ಲ ಹೊರಹಾಕಿ, ಹೂಳು ತೆಗೆದು, ಗೋಡೆ ಉಜ್ಜಿ ತೊಳೆದು, ಮೇಲಿನ ಕಲ್ಲುಗಳ ಸಂದಿಗೆ ಸಿಮೆಂಟು ತುಂಬಿ. ಸುತ್ತ ಇಳಿಜಾರಿನ ಕಟ್ಟೆ ಕಟ್ಟಿ, ಬಾಯಿಗೆ ಮುಚ್ಚಳ ಹಾಕಿ. ಹೆಚ್ಚು ಪ್ರಮಾಣದ ಕ್ಲೋರಿನ್ ಹಾಕಿ ಒಂದು ದಿನ ಬಿಟ್ಟು ಆ ನೀರನ್ನೂ ಹೊರಚೆಲ್ಲಿ. ಆಮೇಲೆ ಪರೀಕ್ಷೆ. ಮೊದಲ ದೊಡ್ಡ ಮಳೆ ಬಿದ್ದ ಮೇಲೆ ಮತ್ತೆ ಪರೀಕ್ಷೆ, ಏಕೆಂದರೆ ಎಲ್ಲೋ ಉಳಿದ ಸೋರಿಕೆ ಅಂದೇ ಬಯಲಾಗುವುದು. ನೀರಿಗೆ ಮಲ ಬೆರೆತಿದೆ ಎಂದು ತೋರಿಸುವ ಇ-ಕೊಲೈ ಬ್ಯಾಕ್ಟೀರಿಯಾ ನೂರು ಮಿಲಿಲೀಟರ್ ನೀರಿನಲ್ಲಿ ಒಂದೂ ಕಾಣದಿದ್ದರೆ, ಸೋಸಿ, ಕ್ಲೋರಿನ್ ಹಾಕಿ ಜನರಿಗೆ ಬಿಡಿ. ನೈಟ್ರೇಟ್ ಏರಿದ್ದ ಕಡೆ ಅದು ಇಳಿಯಲು ಕೆಲವು ಮಳೆಗಾಲ ಬೇಕು, ಅಲ್ಲಿಯವರೆಗೆ ಆ ನೀರು ಬಳಕೆಗೆ ಮಾತ್ರ ಇರಲಿ, ಹಾಗೆಂದು ಬಾವಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ.

ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ. ಹರಿಯುವ ನೀರಿಗೂ ಬಾವಿಗೂ ಕೊಳೆ ಬಿಡಬಾರದೆಂದು 1974ರ ಜಲ ಕಾಯ್ದೆಯ 24ನೇ ಕಲಮು ಹೇಳುತ್ತದೆ. ಮಹಾರಾಷ್ಟ್ರದ 2009ರ ಭೂಜಲ ಕಾಯ್ದೆ ಸಾರ್ವಜನಿಕ ಕುಡಿಯುವ ನೀರಿನ ಮೂಲಗಳನ್ನು ಕಾಯುವುದಕ್ಕೆಂದೇ ಅಧಿಕಾರ ಕೊಡುತ್ತದೆ.

ಪರೀಕ್ಷೆಯ ಫಲಿತಾಂಶ ಮುಚ್ಚಿಡಬೇಡಿ ಎಂಬುದು ನನ್ನ ಅತಿ ಮುಖ್ಯ ವಿನಂತಿ. ಪಾಲಿಕೆಯ ಪ್ರತಿ ಬಾವಿ, ಪ್ರತಿ ಟ್ಯಾಂಕರ್ ತುಂಬುವ ಜಾಗ, ಟ್ಯಾಂಕರ್‌ಗೆ ನೀರು ಮಾರುವ ಪ್ರತಿ ಖಾಸಗಿ ಬೋರಿಗೂ ಒಂದು ನಂಬರು ಇರಲಿ. ಕ್ಲೋರಿನ್ ಎಷ್ಟು, ಇ-ಕೊಲೈ ಇದೆಯೋ ಇಲ್ಲವೋ, ನೈಟ್ರೇಟ್ ಎಷ್ಟು, ಯಾವ ತಾರೀಖು ಎಂಬುದನ್ನು ವಾರ್ಡ್ ಕಚೇರಿಯ ಗೋಡೆಗೆ ಹಚ್ಚಿ. ಟ್ಯಾಂಕರ್ ಚೀಟಿಯ ಮೇಲೂ ಆ ನಂಬರು ಬರೆಸಿ. ನಮಗೆ ಬರುವ ಲ್ಯಾಬ್ ವರದಿಯಲ್ಲಿ ಗಡಸುತನ, ಟಿಡಿಎಸ್, ಕ್ಲೋರೈಡ್ ಇಂಥವು ತುಂಬಿರುತ್ತವೆ, ಕಾರ್ಖಾನೆಯ ದ್ರಾವಕಗಳ ಕಾಲಂ ಇರುವುದಿಲ್ಲ. ಭೋಸರಿ, ಚಾಕಣದ ಕಡೆ ಲೋಹದ ಕೆಲಸ ನಡೆಯುವ ಬೆಲ್ಟಿದೆ, ಅಲ್ಲಿನ ಬೋರುಗಳಿಗೆ ವರ್ಷಕ್ಕೊಮ್ಮೆಯಾದರೂ ಆ ಪರೀಕ್ಷೆ ಮಾಡಿಸಲು ಪಿಂಪರಿ-ಚಿಂಚವಡ ಪಾಲಿಕೆ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ ಜೊತೆ ನೀವು ಮಾತಾಡಬೇಕು. ತಡವಾಗಿ ಗೊತ್ತಾದರೆ ಎಷ್ಟು ವರ್ಷ ತೆರಬೇಕಾಗುತ್ತದೆ ಎಂಬುದು ಮೇಲೆ ಹೇಳಿದ್ದರಲ್ಲೇ ಇದೆ.

ಉರುಳಿ-ಫುರಸುಂಗಿಯ ಸುತ್ತ ನಿಗಾ ಬಾವಿಗಳನ್ನು ಕೊರೆಸಿ, ಕಸದ ರಸ ಎಷ್ಟು ದೂರ ಹರಡಿದೆ ಎಂಬ ನಕ್ಷೆ ಆ ಊರಿನವರ ಕೈಗೆ ಕೊಡಿ. ನಗರದ ಕಸ ಹೊತ್ತವರಿಗೆ ನಗರ ಕೊಡಬೇಕಾದ ಬಾಕಿ ಅದು.

ಇನ್ನು ನಮ್ಮ ಜನರಿಗೆ ನಾಲ್ಕು ಮಾತು. ಅಣ್ಣಾ, ಅಕ್ಕಾ, ನೀರು ತಿಳಿಯಾಗಿದ್ದರೆ ಶುದ್ಧವೆಂದು ತಿಳಿಯಬೇಡಿ. 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿಯ ನೀರು ಕುಡಿದೇ ನಮ್ಮವರು ಜೀವ ಕಳೆದುಕೊಂಡರು. ಗ್ಯಾಸಿನ ಖರ್ಚು ಹೊರೆ ಎಂದು ಗೊತ್ತು, ಆದರೂ ಮಳೆಗಾಲದಲ್ಲಿ, ಮಕ್ಕಳ ಮಟ್ಟಿಗಾದರೂ ಮಳ್ಳುವಂತೆ ಕುದಿಸಿ. ಬ್ಯಾರಲ್ಲಿಗೆ ಮುಚ್ಚಳ, ನಲ್ಲಿ ಹಾಕಿಸಿ, ಕೈ ಅದ್ದಿ ಮೊಗೆಯಬೇಡಿ. ಮುಕಾದಮನಿಗೆ, ಬಿಲ್ಡರ್‌ಗೆ ಕುಡಿಯುವ ನೀರು ಬೇರೆ ಬೇಕೆಂದು ಎಲ್ಲರೂ ಸೇರಿ ಕೇಳಿ. ಭೇದಿಯಾಗಿ ಕೆಲವು ದಿನದ ಮೇಲೆ ಕಾಲು ಜೋಮು ಹಿಡಿದರೆ, ಕೈಯಲ್ಲಿ ಶಕ್ತಿ ಇಳಿದರೆ, ನರದ ಎಣ್ಣೆ ಹಚ್ಚುತ್ತ ಕೂರಬೇಡಿ, ಅಂದೇ ದೊಡ್ಡ ಆಸ್ಪತ್ರೆಗೆ ಹೋಗಿ. ಸೊಸೈಟಿಗಳಲ್ಲಿ ಇರುವವರು ಓಟಿ ಕಿಟ್ ಇಟ್ಟುಕೊಳ್ಳಿ. ನಿಮ್ಮ ಸೆಪ್ಟಿಕ್ ಟ್ಯಾಂಕು ಎಲ್ಲಿ ಸೋರುತ್ತಿದೆ ಎಂದು ಮೊದಲು ನಿಮ್ಮ ಕಾಂಪೌಂಡಿನಲ್ಲೇ ನೋಡಿ, ನಾಲೆಗೆ ಬಿಟ್ಟ ಪೈಪು ನಮ್ಮದೇ ಇರಬಹುದು.

ಆಯುಕ್ತರೇ, ಧಾಯರಿ-ನರ್ಹೆ ಭಾಗದ ನಮ್ಮ ಓಣಿಗಳಲ್ಲಿರುವ ಬೋರು, ಹಳೆಯ ಬಾವಿ, ಸೆಪ್ಟಿಕ್ ಟ್ಯಾಂಕುಗಳ ಪಟ್ಟಿಯನ್ನು ನಾವೇ ಮನೆ ಮನೆ ತಿರುಗಿ ಬರೆದಿದ್ದೇವೆ. ಯಾವ ಬಾವಿಯ ನೀರು ಮಳೆ ಬಂದರೆ ವಾಸನೆ ಹೊಡೆಯುತ್ತದೆ ಎಂದು ಅಲ್ಲಿನ ಹಳೆಯ ಮರಾಠಿ ಕುಟುಂಬಗಳು ಹೇಳಿದ್ದನ್ನೂ ಸೇರಿಸಿದ್ದೇವೆ. ಪಟ್ಟಿ ಮರಾಠಿಯಲ್ಲಿದೆ, ಕೈಯಲ್ಲಿ ಬಿಡಿಸಿದ ನಕ್ಷೆಯೂ ಇದೆ. ನೀರು ಸರಬರಾಜಿನಿಂದ ಒಬ್ಬರು, ಡ್ರೇನೇಜ್ ವಿಭಾಗದಿಂದ ಒಬ್ಬರು, ಭೂಜಲ ಇಲಾ‌ಖೆಯಿಂದ ಒಬ್ಬರು ಒಂದೇ ದಿನ ಕೂಡಿ ಬರುವಂತೆ ಮಾಡಿ. ಪ್ರತಿ ಬಾವಿಗೂ ನಾವು ಕರೆದುಕೊಂಡು ಹೋಗುತ್ತೇವೆ. ಮುಂದಿನ ಮಳೆಗಾಲಕ್ಕೆ ಮುಂಚೆ ಮೊದಲ ಬಾವಿಯ ಕೆಲಸ ಮುಗಿಯಬೇಕೆಂಬುದು ನಮ್ಮ ಕೋರಿಕೆ.

ಇಂತಿ,
ಧಾಯರಿಯ ಒಂದು ಹೌಸಿಂಗ್ ಸೊಸೈಟಿಯ ನೀರಿನ ಉಸ್ತುವಾರಿ ನೋಡಿಕೊಳ್ಳುವ, ವಿಜಯಪುರ ಜಿಲ್ಲೆಯ ಹೆಣ್ಣುಮಗಳು